ಮಗುಚಿಟ್ಟ ನಕ್ಷೆ

೧೯೯೨ರ ಜೂನ್ ಏಳನೆಯ ತಾರೀಖು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಪ್ಯಾಕಿಂಗ್ ಕಂಪನಿಯ ಲಾರಿ ವಿಶಾಖಪಟ್ಟಣದ ಪೆಂಡುರ್ತಿಯ ಬಾಡಿಗೆ ಮನೆಯ ಮುಂದೆ ಬಂದು ನಿಂತಿತು. ಚಂದ್ರಮೌಳಿ ಗೇಟಿನ ಹತ್ತಿರವೇ ಕಾದಿದ್ದ. ಹಿಂದಿನ ವರ್ಗಾವಣೆಗಳಲ್ಲಿ ಅವನ ಸಾಮಾನನ್ನು ಬ್ಯಾಂಕಿನ ಅಟೆಂಡರುಗಳೇ ಗೋಣಿಚೀಲಕ್ಕೆ ತುಂಬಿ, ಹೊಸ ಊರಿಗೆ ಖಾಲಿ ಹೋಗುವ ಯಾವುದಾದರೊಂದು ಲಾರಿಗೆ ಹೇರಿ ಕಳಿಸಿಬಿಡುತ್ತಿದ್ದರು. ಒಂದು ಸಲ ಮಂಚದ ಕಾಲು ಬಂದಿರಲಿಲ್ಲ, ಇನ್ನೊಂದು ಸಲ ಕಾಲು ಬಂದು ಮಂಚ ಎರಡು ದಿನ ತಡವಾಗಿತ್ತು. ಈ ಸಲ ಹಾಗಾಗಕೂಡದು. ಬಿಚ್ಚಿದ್ದನ್ನು ಬಿಚ್ಚಿದ ಹಾಗೆಯೇ ಮತ್ತೆ ಜೋಡಿಸಿಕೊಡುವವರು ಬೇಕಾಗಿತ್ತು. ಸಹೋದ್ಯೋಗಿಗಳೆಲ್ಲ ನಕ್ಕರೂ ಅವನು ಕಂಪನಿಗೇ ಹೇಳಿದ್ದ.

ಕಾರಣ ಅನಸೂಯಾ. ಮದುವೆಯಾದಾಗ ಅವಳಿಗೆ ಬರೀ ಇರುಳುಗಣ್ಣು. ಸಂಜೆಯಾದರೆ ಗೋಡೆ ಹಿಡಿದು ನಡೆಯುತ್ತಿದ್ದಳು, ಅಷ್ಟೆ. ವಿಶಾಖಪಟ್ಟಣಕ್ಕೆ ಬಂದ ಮೇಲೆ ಕಾಣುವ ಜಾಗ ವರ್ಷ ವರ್ಷಕ್ಕೂ ಕಿರಿದಾಗುತ್ತ ಬಂತು. ಮೊದಲು ಕಿಟಕಿಯಷ್ಟು, ಆಮೇಲೆ ಬಳೆಯಷ್ಟು. ಈ ಮನೆಯಲ್ಲಿರುವಾಗಲೇ ಅದೂ ಆರಿಹೋಯಿತು. ಆದರೆ ಆರುವ ಹೊತ್ತಿಗೆ ಅವಳ ಕೈಕಾಲು ಇಡೀ ಮನೆಯನ್ನು ಕಲಿತುಬಿಟ್ಟಿದ್ದವು. ಒಗ್ಗರಣೆಯ ಸಾಸಿವೆಯನ್ನು ಸಿಡಿಯುವ ಸದ್ದಿನ ಮೇಲೆಯೇ ಇಳಿಸುತ್ತಿದ್ದಳು. ಅಕ್ಕಿಯಲ್ಲಿನ ಕಲ್ಲನ್ನು ಚಂದ್ರಮೌಳಿ ಕನ್ನಡಕ ಹಾಕಿಕೊಂಡು ಆರಿಸಿದರೂ ಒಂದೆರಡು ಉಳಿಯುತ್ತಿದ್ದವು; ಅವಳ ಬೆರಳು ಆಡಿದ ಮೊರದಲ್ಲಿ ಉಳಿಯುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಆ ಅಡುಗೆಮನೆಯೇ ಅವಳ ಸಂಸ್ಥಾನ.

ಏಪ್ರಿಲಿನಲ್ಲಿ ವಿಜಯವಾಡಕ್ಕೆ ವರ್ಗವಾದಾಗ ಚಂದ್ರಮೌಳಿಯ ಅಕ್ಕ, ದಾವಣಗೆರೆಯ ಮೃಣಾಲಿನಿ, ಬ್ಯಾಂಕಿಗೇ ಫೋನು ಮಾಡಿದ್ದಳು. "ಹೊಸ ಊರಲ್ಲಿ ಅವಳನ್ನ ಒಬ್ಬಳನ್ನೇ ಮನೇಲಿ ಬಿಟ್ಟು ನೀನು ಬ್ಯಾಂಕಿಗೆ ಹೋಗ್ತೀಯೇನೋ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಇಲ್ಲಿಗೆ ಕಳಿಸಿಬಿಡು. ನಮ್ಮನೇಲಿ ಏನು ಜಾಗ ಇಲ್ವಾ?"

ಅಂದು ಸಂಜೆ ಅನಸೂಯಾ ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡಳು. "ಅಕ್ಕ ಒಳ್ಳೆಯವರೇ ಕಣ್ರೀ. ಅಲ್ಲಿ ನನಗೆ ಕುರ್ಚಿ ಹಾಕ್ತಾರೆ, ಕೆಲಸ ಕೊಡಲ್ಲ. ಕೂತಲ್ಲಿಗೇ ಕಾಫಿ, ಕೂತಲ್ಲಿಗೇ ಊಟ. ಹಬ್ಬ ಬಂದ್ರೆ ಕೂತಲ್ಲಿಗೇ ಹೊಸ ಸೀರೆ. ಅದಕ್ಕಿಂತ ನನ್ನನ್ನೂ ಒಂದು ಪೆಟ್ಟಿಗೇಲಿ ಹಾಕಿ ಮೇಲೊಂದು ನಂಬರು ಬರೆಸಿ ಅಟ್ಟದ ಮೇಲಿಟ್ಟುಬಿಡಿ."

"ನೀನು ಎಲ್ಲಿಗೂ ಹೋಗಲ್ಲ. ಈ ಅಡುಗೆಮನೆಯನ್ನ ಹೀಗೇ ಎತ್ತಿ ಅಲ್ಲಿಡ್ತೀನಿ, ನೋಡ್ತಿರು," ಎಂದಿದ್ದ ಚಂದ್ರಮೌಳಿ. ಆ ಮಾತಿನ ಕೊನೆಯ ಪದಕ್ಕೆ ಅವಳು ನಕ್ಕಿದ್ದಳು. ಅಕ್ಕನಿಗೂ ಅವನು ಅದನ್ನೇ ಹೇಳಿದ. ಆಕೆ, "ನಿನ್ನ ಇಷ್ಟ. ಒಂದು ಸಲ ಕೈ ಸುಟ್ಟುಕೊಂಡ್ಲು ಅಂದ್ರೆ ನಾನೇ ಬಂದು ಕರಕೊಂಡು ಹೋಗ್ತೀನಿ," ಎಂದು ಫೋನಿಟ್ಟಳು.

ಚಂದ್ರಮೌಳಿ ರಸಾಯನಶಾಸ್ತ್ರದ ಎಂ.ಎಸ್ಸಿ. ಸಾಲದ ವಿಭಾಗದಲ್ಲಿ ಇಪ್ಪತ್ತು ವರ್ಷ ಕಳೆದಿದ್ದರೂ ಯಾವುದನ್ನೂ ಅಳೆಯದೆ ನಂಬುವ ಅಭ್ಯಾಸ ಹತ್ತಿರಲಿಲ್ಲ. ಮೇ ತಿಂಗಳಿಡೀ ವಿಜಯವಾಡದ ಬಿಸಿಲಿನಲ್ಲಿ ಟೇಪು ಹಿಡಿದು ಮನೆ ನೋಡಿದ. ಬ್ರೋಕರನಿಗೆ ಬೇಸರ ಬಂದು, "ಸಾರ್, ನೀವು ಮನೆ ಬಾಡಿಗೆಗೆ ತಗೋತೀರಾ, ಪ್ಯಾಂಟು ಹೊಲೀತೀರಾ?" ಎಂದು ಕೇಳಿದ. ಕೊನೆಗೆ ಸತ್ಯನಾರಾಯಣಪುರಂನಲ್ಲಿ ಒಂದು ಮನೆ ಸಿಕ್ಕಿತು. ಹಜಾರ, ಕೋಣೆ, ಅಡುಗೆಮನೆ, ಎಲ್ಲವೂ ಪೆಂಡುರ್ತಿಯ ಮನೆಯ ಅಳತೆಗೆ ಒಂದಂಗುಲದ ಒಳಗೇ ಇದ್ದವು. ಒಂದೇ ವ್ಯತ್ಯಾಸ: ಅಲ್ಲಿ ಹಜಾರದಿಂದ ಎಡಕ್ಕಿದ್ದ ಅಡುಗೆಮನೆ ಇಲ್ಲಿ ಬಲಕ್ಕಿತ್ತು. ಒಳಗೆ ಗೋಡೆಯ ಗೂಡು, ಕಡಪಾ ಕಲ್ಲಿನ ಕಟ್ಟೆಯ ತಿರುವು, ನೀರಿನ ನಲ್ಲಿ ಎಲ್ಲವೂ ಹಾಗೆಯೇ ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ.

ಆ ರಾತ್ರಿ ಲಾಡ್ಜಿನಲ್ಲಿ ಅವನು ಹಳೆಯ ಮನೆಯ ನಕ್ಷೆಯನ್ನು ಟ್ರೇಸಿಂಗ್ ಕಾಗದದ ಮೇಲೆ ತೆಗೆದು, ಕಾಗದವನ್ನು ಮಗುಚಿ ಹೊಸ ಮನೆಯ ನಕ್ಷೆಯ ಮೇಲಿಟ್ಟ. ಗೆರೆಯ ಮೇಲೆ ಗೆರೆ ಕೂತಿತು. ಒಲೆಯಿಂದ ನಲ್ಲಿಗೆ ಅಷ್ಟೇ ದೂರ, ನಲ್ಲಿಯಿಂದ ಗೂಡಿಗೆ ಅಷ್ಟೇ ದೂರ. ಒಲೆಯ ಮುಂದೆ ನಿಂತರೆ ಮುಖ ಎರಡು ಮನೆಯಲ್ಲೂ ಪೂರ್ವಕ್ಕೇ. ಬಹಳ ವರ್ಷಗಳ ಮೇಲೆ ಅವನಿಗೆ ಕಾಲೇಜಿನ ಲ್ಯಾಬಿನಲ್ಲಿ ಉತ್ತರ ಸರಿಬಂದಾಗಿನ ಸಂತೋಷವಾಯಿತು.

ಈಗ ಲಾರಿಯಿಂದಿಳಿದ ಮೇಸ್ತ್ರಿ ಕಾಮೇಶ್ವರನಿಗೆ ಅವನು ಆ ನಕ್ಷೆಯನ್ನೇ ತೋರಿಸುತ್ತಿದ್ದ. ಕಾಮೇಶ್ವರ ತಲೆಯಾಡಿಸಿದ. ಅವನ ಹುಡುಗರು ಆಗಲೇ ರಟ್ಟಿನ ಹಾಳೆ, ಹುಲ್ಲು, ಗೋಣಿತಟ್ಟು, ಹೊಲಿಯುವ ದಬ್ಬಣ ಎಲ್ಲ ಇಳಿಸುತ್ತಿದ್ದರು.

"ಕಿಚನ್ನು ಎದುರಿಗೆ ನಿಂತು ಕಟ್ಟಿಸೋದು ಮನೆ ಹೆಂಗಸರೇ ಅಂಡಿ. ಅಮ್ಮಗಾರು ಇಲ್ವಾ?" ಎಂದ ಕಾಮೇಶ್ವರ.

"ಅವರನ್ನ ಹೊರಗೆ ಕಳಿಸ್ತಿದ್ದೀನಿ. ಧೂಳು ಆಗಲ್ಲ. ಎಲ್ಲಾ ನಾನೇ ಹೇಳ್ತೀನಿ."

ಅನಸೂಯಾ ಒಳಗಿನಿಂದ ಗೋಡೆ ಮುಟ್ಟದೆ ನೇರವಾಗಿ ನಡೆದು ಬಂದಳು. ಮೇಸ್ತ್ರಿಗೆ ಅವಳ ಕಣ್ಣಿನ ವಿಷಯ ಗೊತ್ತೇ ಆಗಲಿಲ್ಲ. "ರೀ, ಬೇರೆಲ್ಲಾ ನೀವು ಕಟ್ಟಿಸಿ. ಅಡುಗೆಮನೆ ಒಂದು ನಾನು ಕಟ್ತೀನಿ. ಒಂದೊಂದೇ ಡಬ್ಬಿ ತೆಗೆದು ಹೇಳಿ ಕಟ್ಟಿಸ್ತೀನಿ. ಅಲ್ಲೂ ನಾನೇ ಬಿಚ್ತೀನಿ."

"ಇವರು ಹನ್ನೆರಡಕ್ಕೆ ಲಾರಿ ಎತ್ತಬೇಕು ಅನಸೂಯಾ. ನೀನು ಒಂದೊಂದೇ ಡಬ್ಬಿ ಅಂದ್ರೆ ಆಯ್ತು ಕತೆ. ರಾಜ್ಯಲಕ್ಷ್ಮಿಯವರ ಜೊತೆ ಸಿಂಹಾಚಲಕ್ಕೆ ಹೋಗಿಬಾ. ಹೋಗೋಕೆ ಮುಂಚೆ ಒಂದು ದರ್ಶನ ಆಗ್ಲಿ."

ಪಕ್ಕದ ಮನೆಯ ರಾಜ್ಯಲಕ್ಷ್ಮಿ ಬಳ್ಳಾರಿಯಿಂದ ಮದುವೆಯಾಗಿ ಬಂದು ಮೂವತ್ತು ವರ್ಷವಾಗಿತ್ತು. ಅವಳ ಕನ್ನಡದೊಳಗೆ ತೆಲುಗು ನೀರಿನಂತೆ ಸೇರಿಕೊಂಡಿತ್ತು. ಕುಂಕುಮದ ಪೊಟ್ಟಣ ಹಿಡಿದು ಗೇಟಿನಲ್ಲೇ ನಿಂತಿದ್ದಳು. "ಪದ ಪದ, ಬೇಗ ನಡಿ, ಬಸ್ಸು ಹೋಗಿಬಿಡುತ್ತೆ. ನಿನ್ನ ಡಬ್ಬಿಗೇನು ರೆಕ್ಕೆ ಬರ್ತಾವಾ?"

"ನಾನು ಹೋಗಿ ಏನು ನೋಡ್ಲಿ ರಾಜ್ಯಲಕ್ಷ್ಮಿ?"

"ಅಯ್ಯೋ, ಆ ಸ್ವಾಮಿಗೆ ವರ್ಷವೆಲ್ಲಾ ಗಂಧ ಮೆತ್ತಿರ್ತಾರೆ. ಕಣ್ಣಿರೋ ನಾವು ನೋಡೋದೂ ಗಂಧದ ಮುದ್ದೆನೇ. ಅಲ್ಲಿ ನೀನೂ ನಾನೂ ಒಂದೇ, ನಡಿ!"

ಅನಸೂಯಾ ಜೋರಾಗಿ ನಕ್ಕಳು. ಆದರೆ ಹೊಸಿಲು ದಾಟುವ ಮುಂಚೆ ಅಡುಗೆಮನೆಯ ಕಡೆ ಮುಖ ತಿರುಗಿಸಿ ಸ್ವಲ್ಪ ಹೊತ್ತು ನಿಂತಳು. "ನಿಮಗೆ ಗೊತ್ತಾಗಲ್ಲ ರೀ," ಎಂದಷ್ಟೇ ಹೇಳಿದಳು. ಏನು ಗೊತ್ತಾಗುವುದಿಲ್ಲ ಎಂದು ಚಂದ್ರಮೌಳಿ ಕೇಳಲಿಲ್ಲ. ಅವನ ಕೈಯಲ್ಲಿ ನಕ್ಷೆಯಿತ್ತು.

ಮಂಗಳವಾರ ಬೆಳಿಗ್ಗೆ ಸತ್ಯನಾರಾಯಣಪುರಂನಲ್ಲಿ ಲಾರಿ ಇಳಿಯಿತು. ಒಂದು ಗಾಜೂ ಒಡೆದಿರಲಿಲ್ಲ. ಗೂಡಿನ ಮೂರನೆಯ ಹಲಗೆಯಲ್ಲಿ ಉಪ್ಪಿನ ಜಾಡಿ, ಅದರ ಹಿಂದೆ ಹುಣಿಸೆಹಣ್ಣು; ಒಲೆಯ ಒಂದು ಪಕ್ಕದಲ್ಲಿ ಬಿಸಿ ಪಾತ್ರೆ ಇಳಿಸುವ ದಪ್ಪ ಕಲ್ಲು, ಇನ್ನೊಂದು ಪಕ್ಕದ ಮೊಳೆಗೆ ಮಸಿಬಟ್ಟೆ, ಇಕ್ಕಳ. ಕಾಮೇಶ್ವರನ ಹುಡುಗರು ನಕ್ಷೆ ನೋಡಿ ಇಟ್ಟರು, ಚಂದ್ರಮೌಳಿ ಟೇಪಿಟ್ಟು ನೋಡಿದ. ಅದಾದ ಮೇಲೆಯೇ, ಅಲ್ಲಿಯವರೆಗೆ ಮಾಲೀಕರ ಮನೆಯಲ್ಲಿ ಕೂರಿಸಿದ್ದ ಅನಸೂಯಾಳನ್ನು ಕರೆದುಕೊಂಡು ಬಂದ.

ಅವಳು ಅಡುಗೆಮನೆಗೆ ಕಾಲಿಟ್ಟವಳೇ ಎಡಕ್ಕೆ ತಿರುಗಿದಳು. ಚಾಚಿದ ಕೈಗೆ ಬರೀ ಗೋಡೆ ಸಿಕ್ಕಿತು.

"ಒಲೆ ಎಲ್ರೀ?"

"ಈ ಕಡೆ, ಬಲಕ್ಕೆ. ಎಲ್ಲಾ ಅದೇ ಅಳತೆ ಅನಸೂಯಾ, ಒಂದಂಗುಲ ಆಚೀಚೆ ಇಲ್ಲ. ಎಡ ಬಲ ಮಾತ್ರ ಅದಲುಬದಲು. ಕನ್ನಡಿಯಲ್ಲಿ ನೋಡಿದ ಹಾಗೆ ಅಂದುಕೋ."

"ಕನ್ನಡಿ ನೋಡಿ ಎಷ್ಟು ವರ್ಷ ಆಯ್ತೋ," ಎಂದಳು ಅವಳು. ದನಿಯಲ್ಲಿ ಕೋಪವಿರಲಿಲ್ಲ. ಬಲಕ್ಕೆ ತಿರುಗಿ ಒಲೆ ಮುಟ್ಟಿದಳು, ಕಲ್ಲು ಮುಟ್ಟಿದಳು, ಮಸಿಬಟ್ಟೆ ಮುಟ್ಟಿದಳು. "ಆಯ್ತು ಬಿಡಿ. ಕಲಿತೀನಿ."

ಕಲಿತಳು ಕೂಡ. ಬೆಳಿಗ್ಗೆ ಅವನು ಹಜಾರದಲ್ಲಿ ಪೇಪರು ಓದುವಾಗ ಅಡುಗೆಮನೆಯಿಂದ ಮೆಲ್ಲಗೆ ಕೇಳುತ್ತಿತ್ತು: "ಬಿಸಿ ಬಲಕ್ಕೆ, ಬಟ್ಟೆ ಎಡಕ್ಕೆ. ಬಿಸಿ ಬಲಕ್ಕೆ, ಬಟ್ಟೆ ಎಡಕ್ಕೆ." ಶಾಲೆಯ ಹುಡುಗಿ ಮಗ್ಗಿ ಒಪ್ಪಿಸುವ ಹಾಗೆ. ಬೆಳಗಿನ ಕಾಫಿ ತಡವಾಗಲಿಲ್ಲ, ಸಾರಿನ ಉಪ್ಪು ಹೆಚ್ಚಾಗಲಿಲ್ಲ. ಅವನು ಅಕ್ಕನಿಗೆ ಫೋನು ಮಾಡಿ ಸ್ವಲ್ಪ ಹೆಮ್ಮೆಯಿಂದಲೇ ವರದಿ ಒಪ್ಪಿಸಿದ. ಅನಸೂಯಾ ಮಾತ್ರ ಸಂಜೆ ಹೊತ್ತಿಗೆ ಬಹಳ ದಣಿದಿರುತ್ತಿದ್ದಳು. "ಮೊದಲು ಕೈ ಕೆಲಸ ಮಾಡ್ತಿತ್ತು, ನಾನು ಬೇರೇನೋ ಯೋಚಿಸ್ತಿದ್ದೆ. ಈಗ ದಿನವೆಲ್ಲಾ ಕೈ ಕಾಯೋದೇ ಕೆಲಸ," ಎಂದಳೊಮ್ಮೆ. ಅಭ್ಯಾಸವಾಗುತ್ತದೆ ಎಂದ ಅವನು.

ಮೂರನೆಯ ಭಾನುವಾರ ಮಧ್ಯಾಹ್ನ ಅವಳು ಸಂಡಿಗೆ ಕರಿದಳು. ವಿಜಯವಾಡದ ಸೆಕೆಗೆ ಹಜಾರದ ಫ್ಯಾನು ಬಿಸಿ ಗಾಳಿಯನ್ನೇ ಸುತ್ತಿಸುತ್ತಿತ್ತು. ಕರಿದು ಮುಗಿದ ಮೇಲೆ ಎಣ್ಣೆಯ ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದು, "ಬಿಸಿ ಬಲಕ್ಕೆ," ಎನ್ನುತ್ತ ಕಲ್ಲಿನ ಮೇಲಿಳಿಸಿದ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಇಕ್ಕಳವನ್ನು ಎಡದ ಮೊಳೆಗೆ ಸಿಕ್ಕಿಸಿದ್ದೂ ಕೇಳಿಸಿತು. ಆಮೇಲೆ ಹಾಲಿಟ್ಟಳು. ಹಾಲು ಉಕ್ಕಿತು. ಒಲೆಯ ಮೇಲೆ ಚುರ್ರೆಂದಿತು. ಆ ಒಂದು ಗಳಿಗೆಯಲ್ಲಿ ಮಗ್ಗಿ ಹೇಳಿಕೊಳ್ಳಲು ಪುರಸೊತ್ತಿರಲಿಲ್ಲ. ಮಸಿಬಟ್ಟೆಗಾಗಿ ಅವಳ ಕೈ ಪೆಂಡುರ್ತಿಯಲ್ಲಿ ಹೋಗುತ್ತಿದ್ದ ಕಡೆಗೇ, ಬಲಕ್ಕೆ, ಅನುಮಾನವಿಲ್ಲದೆ ಹೋಯಿತು.

ಅವನು ಓಡಿಹೋದಾಗ ಅವಳು ಕೂಗುತ್ತಿರಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಲ್ಲಿಯನ್ನು ಹುಡುಕುತ್ತಿದ್ದಳು, ಅದೂ ತಪ್ಪು ದಿಕ್ಕಿನಲ್ಲಿ.

ಗವರ್ನರ್‌ಪೇಟೆಯ ನರ್ಸಿಂಗ್ ಹೋಮಿನಲ್ಲಿ ಹತ್ತು ದಿನ ಇರಬೇಕಾಯಿತು. ಎಣ್ಣೆಯಲ್ಲಿ ಬೆಂದ ಬೆರಳ ತುದಿಗಳಿಗೆ ತೊಡೆಯ ಚರ್ಮ ತೆಗೆದು ಹಚ್ಚಿದರು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತ ಚಂದ್ರಮೌಳಿಗೆ ಓದಿದ್ದು ನೆನಪಾಗುತ್ತಿತ್ತು: ಕೆಲವು ಅಣುಗಳೂ ಅವುಗಳ ಕನ್ನಡಿಯ ಪ್ರತಿರೂಪಗಳೂ ತೂಕದಲ್ಲಿ ಒಂದೇ, ಕುದಿಯುವ ಉಷ್ಣತೆಯಲ್ಲಿ ಒಂದೇ, ಪರಮಾಣುಗಳ ನಡುವಿನ ಎಲ್ಲ ದೂರಗಳಲ್ಲೂ ಒಂದೇ. ಆದರೂ ಒಂದಕ್ಕೆ ಪುದೀನದ ವಾಸನೆ, ಇನ್ನೊಂದಕ್ಕೆ ಶಾಜೀರಿಗೆಯದು. ಮೂಗಿಗೆ ಗೊತ್ತಾಗುವ ವ್ಯತ್ಯಾಸ ಅಳತೆಪಟ್ಟಿಗೆ ಸಿಗುವುದಿಲ್ಲ. ಇದನ್ನು ಅವನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದ.

"ಮೊದಲೇ ಹೇಳಬಾರದಾಗಿತ್ತಾ?" ಎಂದ ಒಂದು ಸಂಜೆ.

"ಹೇಳೋಕೆ ನನಗಾದ್ರೂ ಏನು ಗೊತ್ತಿತ್ತು? ಒಂದೊಂದೇ ಡಬ್ಬಿ ನಾನೇ ತೆಗೆದು, ಕಟ್ಟಿ, ಇಲ್ಲಿ ಬಂದು ನಾನೇ ಬಿಚ್ಚಿ ಇಟ್ಟಿದ್ರೆ ಆ ಮನೆ ಮುಗೀತು ಅಂತ ಕೈಗೆ ಗೊತ್ತಾಗ್ತಿತ್ತು ಅಷ್ಟೆ. ತಡವರಿಸ್ತಿತ್ತು, ಹೆದರ್ತಿತ್ತು. ನೀವು ಆ ಮನೆಯನ್ನೇ ತಂದಿಟ್ರಿ. ಅದೇ ಡಬ್ಬಿ, ಅದೇ ದೂರ, ಅದೇ ಕಲ್ಲು. ಕೈ ನಂಬಿಬಿಡ್ತು ರೀ."

ಅವನು ಅವಳ ಕೈಕೆಳಗಿನ ದಿಂಬನ್ನು ಸರಿಪಡಿಸಿದ. ಅವಳೇ, "ಕಂಪನಿಯವರು ಪಾಪ, ಒಂದು ಲೋಟಾನೂ ಸೊಟ್ಟ ಮಾಡಿರಲಿಲ್ಲ," ಎಂದು ಸೇರಿಸಿದಳು. ಅದು ಕುಹಕವೋ ಸಮಾಧಾನವೋ ಅವನಿಗೆ ತಿಳಿಯಲಿಲ್ಲ.

ಮೃಣಾಲಿನಿ ಬಂದಳು. ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಅಡುಗೆ ತಾನೇ ವಹಿಸಿಕೊಂಡಳು, ಅನಸೂಯಾಳಿಗೆ ಕಿಟಕಿಯ ಹತ್ತಿರ ಕುರ್ಚಿ ಹಾಕಿದಳು. ಚಂದ್ರಮೌಳಿ ಅಂಗಲಾಚಿದ್ದಕ್ಕೆ ಒಂದು ಮಾತಿಗೆ ಒಪ್ಪಿದಳು: ಗಾಯ ಪೂರ್ತಿ ಮಾಗಿದ ಮೇಲೆ ಡಾಕ್ಟರು ಬೆರಳಿನ ಸ್ಪರ್ಶ ಪರೀಕ್ಷಿಸಲಿ. ಸ್ಪರ್ಶ ಮರಳಿದ್ದರೆ ಅನಸೂಯಾ ಇಲ್ಲೇ ಇರಲಿ, ಇಲ್ಲದಿದ್ದರೆ ದಾವಣಗೆರೆಗೆ. ಎಡಗೈಯೊಂದನ್ನೇ ನಂಬಿ ಅವಳನ್ನು ಬೆಂಕಿಯ ಹತ್ತಿರ ಬಿಡುವ ಧೈರ್ಯ ಈಗ ಚಂದ್ರಮೌಳಿಗೂ ಇರಲಿಲ್ಲ. ಅನಸೂಯಾ ಕುರ್ಚಿಯಲ್ಲಿ ಕೂತು ಹೆಬ್ಬೆರಳಿಂದ ಉಳಿದ ಬೆರಳುಗಳ ತುದಿಯನ್ನು ಸದಾ ಉಜ್ಜುತ್ತಿದ್ದಳು. ಅಕ್ಕ ಕೊಟ್ಟ ಅಕ್ಕಿಯನ್ನು ಒಮ್ಮೆ ಮೊರದಲ್ಲಿ ಆಡಿಸಿ, ಮೊರವನ್ನು ಪಕ್ಕಕ್ಕೆ ಸರಿಸಿದಳು.

ಅಕ್ಟೋಬರಿನ ಮೊದಲ ವಾರ ಡಾಕ್ಟರ್ ದಕ್ಷಿಣಾಮೂರ್ತಿ ತಮ್ಮ ಮೇಜಿನ ಮೇಲೆ ಅವಳ ಬಲಗೈಯನ್ನು ಅಂಗಾತ ಇರಿಸಿಕೊಂಡರು. ಎರಡು ಮೊಂಡು ಮೊನೆಗಳಿದ್ದ ಡಿವೈಡರಿನಿಂದ ತೋರುಬೆರಳ ತುದಿಯನ್ನು ಮೆಲ್ಲಗೆ ಮುಟ್ಟುತ್ತ ಹೋದರು. ಒಂದು ಮೊನೆ ತಗುಲಿತೋ ಎರಡೋ ಅವಳು ಹೇಳಬೇಕು. ಎಷ್ಟು ಹತ್ತಿರದ ಎರಡು ಮೊನೆಗಳನ್ನು ಎರಡೆಂದೇ ಗುರುತಿಸಬಲ್ಲಳೋ ಅಷ್ಟು ಸೂಕ್ಷ್ಮ ಅವಳ ಸ್ಪರ್ಶ. ಆರೋಗ್ಯವಂತರ ಬೆರಳಿಗೆ ಎರಡು ಮೂರು ಮಿಲಿಮೀಟರು ಸಾಕು; ಆರರೊಳಗೆ ಬಂದರೆ ಅಡುಗೆಮನೆಗೆ ಧಾರಾಳವಾಗಿ ಕಳಿಸಿ ಎಂದರು ಡಾಕ್ಟರು. ಮೃಣಾಲಿನಿ ಬಾಗಿಲ ಹತ್ತಿರ ನಿಂತಿದ್ದಳು.

"ಒಂದು," ಎಂದಳು ಅನಸೂಯಾ.

ಡಾಕ್ಟರು ಮೊನೆಗಳನ್ನು ಸ್ವಲ್ಪ ಅಗಲಿಸಿದರು.

"ಒಂದು."

ಮತ್ತೆ ಅಗಲಿಸಿದರು. ಅವಳು ಉತ್ತರ ಕೊಡುವ ಮುಂಚೆ ಈಗ ತಡೆದಳು, ತಲೆಯನ್ನು ಸ್ವಲ್ಪ ವಾಲಿಸಿದಳು. ಎರಡು ಅನ್ನು, ಎಂದು ಚಂದ್ರಮೌಳಿಯ ತುಟಿ ಸದ್ದಿಲ್ಲದೆ ಅಲುಗಿತು. ಅವಳಿಗೆ ಅದು ಕಾಣುವಂತಿರಲಿಲ್ಲ. ಊಹಿಸಿ ಹೇಳಿದ್ದರೂ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಅವಳು ಊಹಿಸಲಿಲ್ಲ.

"ಒಂದೇ," ಎಂದಳು.

ಡಾಕ್ಟರು ಇನ್ನೂ ನಾಲ್ಕು ಸಲ ಅಗಲಿಸಿದರು. ಕೊನೆಗೆ ಅವಳು "ಎರಡು" ಎಂದಾಗ ಡಿವೈಡರನ್ನು ಹಾಗೆಯೇ ಎತ್ತಿ ಸ್ಕೇಲಿನ ಮೇಲಿಟ್ಟು, ಚಂದ್ರಮೌಳಿಗೂ ಕಾಣುವ ಹಾಗೆ ಮೇಜಿನ ಈಚೆಗೆ ತಳ್ಳಿದರು. ಹದಿಮೂರು ಮಿಲಿಮೀಟರು.