ಬಿಸಿಲಿಗೆ ಹಾಕಿದ ಪುಸ್ತಕಗಳು

ಗಾಳಿ ಬಂದರೆ ಸಾಕು, ಕಣದ ತುಂಬ ಹರಡಿದ ಪುಸ್ತಕಗಳೆಲ್ಲ ಒಟ್ಟಿಗೆ ಹಾಳೆ ಮಗುಚುತ್ತವೆ, ಓದುವವರಿಲ್ಲದೆ ತಾವೇ ಓದಿಕೊಳ್ಳುವ ಹಾಗೆ, ಫಟಫಟ ಫಟಫಟ, ಎಷ್ಟು ಅವಸರವಪ್ಪಾ ಇವಕ್ಕೆ, ಮಳೆಗಾಲವೆಲ್ಲ ಕಪಾಟಿನಲ್ಲಿ ಬೂಷ್ಟು ಹಿಡಿದು ಕೂತವು — ಬೂಷ್ಟಿನ ವಾಸನೆ, ನುಸಿಗುಳಿಗೆಯ ವಾಸನೆ, ಕಣದಾಚೆ ರಾಶಿಬಿದ್ದ ಕಾಫಿಹಣ್ಣಿನ ಸಿಪ್ಪೆಯ ಹುಳಿ ವಾಸನೆ, ಮೂರೂ ಸೇರಿ ಗಂಟಲಿಗೆ ಬಂದು ಕೂತಿದೆ, ಬೋಳುತಲೆ ಬೇರೆ ಕಾಯುತ್ತಿದೆ. ಮಂಜಯ್ಯನವರ ಕಾಫಿ ಕಣ ಇದು, ಮಳೆಯ ಥಂಡಿ ಬಿಟ್ಟಮೇಲೆ ನಮ್ಮೂರ ಲೈಬ್ರರಿಯ ಪುಸ್ತಕಗಳನ್ನು ಇಲ್ಲಿ ತಂದು ಬಿಸಿಲಿಗೆ ಹಾಕುವುದು ಮೊದಲಿನಿಂದ ಬಂದದ್ದು, ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಈ ಓಂಕಾರಮೂರ್ತಿ ಲೈಬ್ರರಿಯನ್ ಆಗಿ ಬಂದ ಮೇಲೆ ಅದೂ ಒಂದು ಕಾರ್ಯಕ್ರಮವಾಯಿತು, ಚಳಿಗಾಲದ ಓದಿನ ಹಬ್ಬ ಎಂದು ಬ್ಯಾನರು, ಮೈಕು, ನನ್ನಂಥವನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಹಬ್ಬವಂತೆ ಹಬ್ಬ. ಹಣ್ಣು ಕುಯ್ಯುವ ಕಾಲದಲ್ಲಿ ಯಾರು ಬರುತ್ತಾರೆ, ಊರಿಗೆ ಊರೇ ಗಿಡದ ಬುಡದಲ್ಲಿ ಬುಟ್ಟಿ ಹಿಡಿದು ನಿಂತಿದೆ, ಬಂದವರು ಪೆನ್ಷನ್ನಿನವರು, ಬಿಸಿಲು ಕಾಯಿಸುವವರು, ಪಾಪ, ಮಂಜಯ್ಯನವರು ಕಣದ ಯಜಮಾನರಾದ ತಪ್ಪಿಗೆ ಮುಖ್ಯ ಅತಿಥಿ. ಅವರಿಗಂತೂ ಒಂದು ಕಣ್ಣು ರಸ್ತೆಯ ಮೇಲೇ. ಬೇಗ ಮುಗಿಸಿ ಮಾರಾಯ್ರೆ, ಮಧ್ಯಾಹ್ನಕ್ಕೆ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಹರಡಬೇಕು, ಪುಸ್ತಕ ಒಣಗದಿದ್ರೆ ಬರೋ ವರ್ಷ ಒಣಗಿಸಬಹುದು, ಕಾಫಿ ಒಣಗದಿದ್ರೆ ನಾನೇ ಒಣಗಿಹೋಗ್ತೇನೆ. ಜನ ನಗುತ್ತಾರೆ. ನಾನು ನಗಲಿಲ್ಲ, ನನ್ನ ಕಣ್ಣು ಮೂರನೆಯ ಸಾಲಿನ ಕೊನೆಯಲ್ಲಿದೆ, ಹಸಿರು ರಟ್ಟಿನ ಒಂದು ಪುಸ್ತಕ, ಅದರ ನೆತ್ತಿಯಿಂದ ಇಣುಕುವ ಕಪ್ಪು ಪಿನ್ನು — ಇದೆ, ಇದೆ, ಇನ್ನೂ ಇದೆ.

ಕೈಯಲ್ಲಿ ಓಂಕಾರಮೂರ್ತಿ ಕೊಟ್ಟ ಹಳದಿ ಚೀಟಿ. ಹೆಂಗಸರಿಗೆ ಗುಲಾಬಿ, ಮಕ್ಕಳಿಗೆ ನೀಲಿ, ಮುದುಕರಿಗೆ ಹಳದಿ, ಹಣ್ಣೆಲೆಯ ಬಣ್ಣವೆಂದು ಆರಿಸಿದನೋ ಏನೋ, ಹಿರಿಯರಿಗೆ ಓದಿನ ಸಲಹೆಗಳು ಎಂದು ಮೇಲೆ ದಪ್ಪ ಅಕ್ಷರ, ಮಂಡಿನೋವಿಗೆ ಮನೆಮದ್ದು ಹೇಳುವ ಪುಸ್ತಕ ಒಂದು, ಸಕ್ಕರೆ ಕಾಯಿಲೆಯವರ ಅಡಿಗೆಯದು ಒಂದು, ಸತ್ತ ಮೇಲೆ ಆತ್ಮ ಎಲ್ಲಿಗೆ ಹೋಗುತ್ತದೆಂಬುದು ಒಂದು. ಇದನ್ನು ನಿಮಗಂತಲೇ ತೆಗೆದಿಟ್ಟಿದೀನಿ ಭಟ್ರೇ, ಈ ಸಮಯದಲ್ಲಿ ಮನಸ್ಸಿಗೆ ಒಳ್ಳೇದು. ಒಳ್ಳೆಯದು! ದೇವಸ್ಥಾನದ ಜಗಲಿಯಲ್ಲಿ ಪುರಾಣ ಹೇಳಿ ಹೇಳಿ ಆತ್ಮ ಹೋಗುವ ದಾರಿಯನ್ನು ಊರಿಗೆಲ್ಲ ತೋರಿಸಿದವನು ನಾನು, ಕೊನೆಗೆ ಹೆಂಡತಿ ಭಾಗೀರಥಿ ಹೋದಾಗ ಅವಳು ಯಾವ ಕಡೆ ಹೋದಳೆಂದು ನನಗೇ ತಿಳಿಯಲಿಲ್ಲ, ಆ ಪುಸ್ತಕ ಬರೆದವನಿಗೆ ತಿಳಿಯಿತೇ, ಕಳಸೇಶ್ವರಾ, ಕ್ಷಮಿಸು, ಸಿಟ್ಟು ಬರುತ್ತದೆ. ನನಗೆ ಬೇಕಾದದ್ದು ಆ ಹಸಿರು ರಟ್ಟಿನದು, ಅದೊಂದು ಪತ್ತೇದಾರಿ ಕಾದಂಬರಿ, ಕುದುರೆಮುಖದಲ್ಲಿ ಗಣಿ ನಿಂತು ಜನ ಮನೆ ಖಾಲಿಮಾಡಿ ಹೊರಟಾಗ ಲೈಬ್ರರಿಗೆ ಕೊಟ್ಟುಹೋದ ರಾಶಿಯಲ್ಲಿ ಬಂದದ್ದು. ಭಾಗೀರಥಿಗೆ ಎರಡೂ ಬೇಕು, ಧನುರ್ಮಾಸದ ಬೆಳಗಿನಲ್ಲಿ ದೇವರ ಮುಂದೆ ಕೂತು ಪುರಾಣ ಓದುತ್ತಿದ್ದವಳು ಅವಳು, ಅರ್ಥ ಹೇಳುತ್ತಿದ್ದವನು ನಾನು, ಮಧ್ಯಾಹ್ನ ಅದೇ ಚಾಪೆಯ ಮೇಲೆ ಒರಗಿ ಕೊಲೆಯ ಕಥೆ, ಬೇಡವೆಂದರೂ ನನಗೆ ವರದಿ. ಕೊಂದದ್ದು ಅಡಿಗೆಯವನಲ್ಲ ನೋಡಿ, ಆ ಡಾಕ್ಟರೇ, ಪದೇ ಪದೇ ಕೈ ತೊಳೀತಾನೆ. ಭಾಗೀ, ಡಾಕ್ಟರು ಕೈ ತೊಳೆಯದೆ ಇನ್ನೇನು ಮಾಡುತ್ತಾರೆ. ನೀವು ಸುಮ್ನಿರಿ, ನಿಮಗೆ ಪುರಾಣ ಗೊತ್ತು, ಜನ ಗೊತ್ತಿಲ್ಲ. ಚಿಕ್ಕಮಗಳೂರಿನ ಆಸ್ಪತ್ರೆಗೆ ಕರೆದೊಯ್ಯಲು ಅಂಗಳಕ್ಕೆ ಜೀಪು ಬಂದಾಗಲೂ ಅದು ಅವಳ ಕೈಯಲ್ಲಿತ್ತು, ತುರುಬಿನಿಂದ ಪಿನ್ನು ಎಳೆದು ಹಾಳೆಗೆ ಸಿಕ್ಕಿಸಿದಳು, ಒಂದು ಕಾಲು ನೆಟ್ಟಗೆ, ಒಂದು ಕಾಲು ಡೊಂಕು, ದೀಪದ ಬತ್ತಿ ಮುಂದಕ್ಕೆ ನೂಕಿ ನೂಕಿ ಡೊಂಕಾದ ಪಿನ್ನು. ಇದನ್ನ ತೆಗೀಬೇಡಿ, ಬಂದು ಓದ್ತೇನೆ. ಬರಲಿಲ್ಲ. ಕ್ರಿಯೆಗಳು ಮುಗಿದದ್ದೇ ಮಗ ದಾಮೋದರ, ಮೂಡಿಗೆರೆಯಲ್ಲಿ ಗೊಬ್ಬರದ ಅಂಗಡಿ ಅವನದು, ಎಲ್ಲ ಚೊಕ್ಕಟವಾಗಿರಬೇಕು ಅವನಿಗೆ, ಹೋಗುವ ದಾರಿಯಲ್ಲಿ ಪುಸ್ತಕವನ್ನು ಲೈಬ್ರರಿಗೆ ಕೊಟ್ಟು ಹೋದ, ಸರ್ಕಾರದ ಪುಸ್ತಕ ಅಪ್ಪಯ್ಯ, ಮನೇಲಿಟ್ಕೋಬಾರ್ದು.

ನಮ್ಮ ಮನೆಯಲ್ಲಿ ಒಂದು ಪದ್ಧತಿ, ಹಿಡಿದ ಓದನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ, ಓದುವವರ ಸ್ವರ ಬಿದ್ದರೆ, ಜ್ವರ ಬಂದರೆ, ಇನ್ನೊಬ್ಬರು ಅದೇ ಚಾಪೆಯಲ್ಲಿ ಕೂತು ಅದೇ ಸಾಲಿನಿಂದ ಎತ್ತಿಕೊಂಡು ಮಂಗಳ ಹಾಡಬೇಕು. ಪುರಾಣಕ್ಕೆ ಹೇಳಿದ ನಿಯಮ ಪತ್ತೇದಾರಿಗೆ ಸಲ್ಲುತ್ತದೆಯೇ, ಶಾಸ್ತ್ರದಲ್ಲಿ ನೋಡಿದರೆ ಸಿಕ್ಕದು, ಆದರೆ ಅವಳು ಕಾದು ಕೂತಿದ್ದಾಳೆಂದು ನನ್ನ ಮನಸ್ಸಿಗೆ ಗೊತ್ತು, ನಾಳೆ ವರ್ಷದ ತಿಥಿ, ನಾಳೆ ಪಿಂಡ ಇಟ್ಟ ಮೇಲೆ ಅವಳು ಹಿರಿಯರ ಸಾಲಿಗೆ ಸೇರಿದವಳು, ಆಮೇಲೆ ಯಾರಿಗೆ ಓದಿ ಹೇಳುವುದು, ಇವತ್ತೇ ಆಗಬೇಕು, ಆ ಸಾಲಿನಿಂದಲೇ ಆಗಬೇಕು. ಲೈಬ್ರರಿಗೆ ಎಷ್ಟೋ ಸಲ ಹೋದೆ, ಮೇಲಿನ ಸಾಲಿನಲ್ಲಿ ಪಿನ್ನಿನ ತಲೆ ಕಾಣುತ್ತಿತ್ತು, ಕೇಳಲು ಬಾಯಿ ಬರಲಿಲ್ಲ, ಪುರಾಣದ ಭಟ್ಟರು ಕೊಲೆಯ ಕಥೆ ಕೇಳುವುದೇ, ಇವತ್ತು ಬೆಳಿಗ್ಗೆ ಹೇಗೋ ಬಾಯಿಬಿಟ್ಟರೆ, ಅಯ್ಯೋ ಅದು ಬೇಡ ಭಟ್ರೇ, ಅದರಲ್ಲಿ ಬರೀ ಹೆಣ, ನಿಮ್ಮ ಹಳದಿ ಚೀಟೀಲಿ ಅದಿಲ್ಲ, ಕಾರ್ಯಕ್ರಮ ಮುಗೀಲಿ, ನೋಡೋಣ. ಕಾರ್ಯಕ್ರಮ ಮುಗಿಯುತ್ತಿಲ್ಲ. ಓದಿನಿಂದ ಜ್ಞಾನ, ಜ್ಞಾನದಿಂದ ಪ್ರಗತಿ, ಪ್ರಗತಿಯಿಂದ ಮತ್ತೆ ಓದು, ಮೈಕಿನ ಮುಂದೆ ಓಂಕಾರಮೂರ್ತಿ ಗಾಣದ ಎತ್ತು ಸುತ್ತಿದ ಹಾಗೆ ಸುತ್ತುತ್ತಿದ್ದಾನೆ — ಅಲ್ಲಿ ವಸಂತಮ್ಮ ಏನು ಮಾಡುತ್ತಿದ್ದಾಳೆ? ಹಿಂದೆ ಹಿಂದಿ ಟೀಚರಾಗಿದ್ದವಳು, ನಿವೃತ್ತಿಯಾದರೂ ಕೈಗೆ ಬಿಡುವಿಲ್ಲ, ಒಂದೊಂದೇ ಪುಸ್ತಕದ ಕಿವಿ ಹಿಡಿದು ಎತ್ತಿ, ತಲೆಕೆಳಗು ಮಾಡಿ ಕೊಡವುತ್ತಿದ್ದಾಳೆ, ಕೆಳಗೊಂದು ಬಿಸ್ಕತ್ತಿನ ಡಬ್ಬ, ಬಸ್ಸಿನ ಟಿಕೆಟು ಬಿತ್ತು, ನವಿಲುಗರಿ ಬಿತ್ತು, ಸಿಲ್ವರ್ ಮರದ ಒಣಗಿದ ಎಲೆ, ಯಾರದೋ ಪಾಸ್‌ಪೋರ್ಟ್ ಅಳತೆಯ ಫೋಟೋ. ಏನದು ಎಂದು ಮಂಜಯ್ಯನವರನ್ನು ಕೇಳಿದೆ. ಮೂರ್ತಿಯ ಹೊಸ ಕಾನೂನು ಭಟ್ರೇ, ಪುಸ್ತಕದಲ್ಲಿ ಏನೂ ಉಳೀಬಾರ್ದಂತೆ, ಪಿನ್ನು ಗಿನ್ನು ಇದ್ರೆ ತುಕ್ಕು ಹಿಡೀತದಂತೆ. ಮೊದಲನೆಯ ಸಾಲು ಮುಗಿಸಿ ಎರಡನೆಯದಕ್ಕೆ ಬಂದಳು. ಏಳಬೇಕು, ಮಂಡಿ ಏಳುವುದಿಲ್ಲ, ಎದ್ದೆ, ಎದ್ದ ಕೂಡಲೇ ಓಂಕಾರಮೂರ್ತಿಗೆ ಏನು ತಿಳಿಯಿತೋ, ಓ, ಭಟ್ಟರು ತಾವಾಗೇ ಎದ್ದರು, ಎರಡು ಮಾತು ಎರಡು ಮಾತು ಎಂದು ತೋಳು ಹಿಡಿದು ಮೈಕಿನ ಮುಂದೆ ನಿಲ್ಲಿಸಿಬಿಟ್ಟ.

ಏನು ಹೇಳಲಿ, ಜಗಲಿಯಲ್ಲಿ ಸಂಜೆಯೆಲ್ಲ ಹೇಳಿದರೂ ಬತ್ತದ ನಾಲಗೆ, ಮೈಕು ಕುಂಯ್ ಎನ್ನುತ್ತದೆ, ವಸಂತಮ್ಮ ಮೂರನೆಯ ಸಾಲಿನಲ್ಲಿದ್ದಾಳೆ, ಬಗ್ಗುತ್ತಾಳೆ, ಹಸಿರು ರಟ್ಟು ಅವಳ ಕೈಯಲ್ಲಿ. ಓದನ್ನು ಅರ್ಧಕ್ಕೆ ಬಿಡಬಾರದು ಎಂದೆ, ಕೂಗಿಯೇ ಹೇಳಿದೆ, ಯಾರೋ ಎಲ್ಲಿಗೋ ಗುರುತು ಇಟ್ಟು ಹೋಗಿರುತ್ತಾರೆ, ಅದನ್ನು ಮುಟ್ಟಬಾರದು ಎಂದೆ. ಎಂಥಾ ಮಾತು ಎಂದು ಓಂಕಾರಮೂರ್ತಿ, ಜನರ ಚಪ್ಪಾಳೆ, ವಸಂತಮ್ಮನೂ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈ ಸೇರಿಸಿ ಚಪ್ಪಾಳೆ ತಟ್ಟಿದಳು, ತಟ್ಟಿ, ಪುಸ್ತಕ ತೆಗೆದು, ಮಗುಚಿ, ಕೊಡವಿದಳು. ಟಿಣ್. ಅಷ್ಟು ದೂರದಿಂದ ಕೇಳಲಾರದು, ನನಗೆ ಕೇಳಿಸಿತು. ಅಷ್ಟರಲ್ಲಿ ಟ್ರ್ಯಾಕ್ಟರು ಬಂತು, ಹಿಂದೆ ಹಸಿ ಪಾರ್ಚ್‌ಮೆಂಟಿನ ರಾಶಿ, ನೀರು ಸೋರುತ್ತಿದೆ, ಎತ್ತಿ ಎತ್ತಿ ಎಂದು ಮಂಜಯ್ಯನವರು, ಹಬ್ಬ ಮುಗಿಯಿತು, ಪುಸ್ತಕಗಳು ಚೀಲಕ್ಕೆ, ಬುಟ್ಟಿಗೆ, ಸೆರಗಿಗೆ. ಓಡಿದೆನೋ ನಡೆದೆನೋ, ವಸಂತಮ್ಮನ ಬುಟ್ಟಿಯಿಂದ ಹಸಿರು ರಟ್ಟನ್ನು ಎಳೆದುಕೊಂಡೆ, ಅವಳ ಪಿನ್ನು ಎಂದೆ. ಯಾರ ಪಿನ್ನು ಭಟ್ರೇ? ಭಾಗೀರಥಿಯದು. ವಸಂತಮ್ಮ ಡಬ್ಬ ಮುಂದೆ ಹಿಡಿದಳು, ಟಿಕೆಟುಗಳ ಕೆಳಗೆ ಅದು, ಒಂದು ಕಾಲು ನೆಟ್ಟಗೆ, ಒಂದು ಕಾಲು ಡೊಂಕು. ಯಾವ ಹಾಳೆಯಲ್ಲಿತ್ತು? ನೋಡಲಿಲ್ಲವಲ್ಲ ಭಟ್ರೇ, ನಂಗೇನು ಗೊತ್ತು, ಅಯ್ಯೋ ನಂಗೇನು ಗೊತ್ತು. ಓಂಕಾರಮೂರ್ತಿ ಬಂದ, ಹಳದಿ ಚೀಟೀದು ಬಿಟ್ಟು ಇದ್ಯಾಕೆ ಎಂದು ಬಾಯಿ ತೆಗೆದ, ವಸಂತಮ್ಮ ಅವನ ಕಡೆ ತಿರುಗಿ ನೀವು ಸುಮ್ನಿರಿ ಮೂರ್ತಿ ಎಂದಳು, ಥೇಟು ಭಾಗೀರಥಿಯ ಸ್ವರ.

ಕಣದ ಮೂಲೆಯಲ್ಲಿ ಕಟ್ಟೆ, ಕೂತಿದ್ದೇನೆ, ಹಾಳೆ ತಿರುಗಿಸುತ್ತೇನೆ, ಬಂಗಲೆ, ಮಳೆ, ಅಡಿಗೆಯವನು, ಪೊಲೀಸು, ಎಲ್ಲಿ ಬಿಟ್ಟಳು, ಎಲ್ಲಿ, ಮುಂದೆ ಹೋದರೆ ಕೊಂದವನ ಹೆಸರು ಕಣ್ಣಿಗೆ ಬಿದ್ದೀತೆಂದು ಹೆದರಿಕೆ, ಅವಳಿಗಿಂತ ಮೊದಲು ನನಗೆ ತಿಳಿಯಬಾರದು, ಹಿಂದೆ ಹೋದರೆ ಓದಿದ್ದನ್ನೇ ಓದ್ತೀರಲ್ಲ ಎನ್ನುತ್ತಾಳೆ, ಟ್ರ್ಯಾಕ್ಟರಿನ ಗದ್ದಲ, ಕಾಫಿ ಸುರಿಯುವ ಸದ್ದು, ಕಳಸೇಶ್ವರಾ, ಇಷ್ಟು ಪುರಾಣ ಹೇಳಿಸಿಕೊಂಡೆಯಲ್ಲ ನನ್ನಿಂದ, ಒಂದು ಹಾಳೆ ತೋರಿಸಲಾರೆಯಾ — ಗಾಳಿ, ಹಾಳೆಗಳು ತಾವೇ ಮಗುಚುತ್ತವೆ, ಬೆರಳಿಟ್ಟು ತಡೆದೆ, ಡಾಕ್ಟರು ತೊಟ್ಟಿಯ ಬಳಿ ಕೈ ತೊಳೆಯುತ್ತಿದ್ದಾರೆ, ಯಾರೋ ಹಿಂದಿನಿಂದ ಕರೆದರು, ಡಾಕ್ಟರು ತಿರುಗಿ ನೋಡಿ — ಅಲ್ಲಿ, ಅಂಚಿನಲ್ಲಿ, ಆ ಸಾಲಿನ ಪಕ್ಕದಲ್ಲೇ, ಕಂದು ಬಣ್ಣದ ಜೋಡಿ ಗೀಟು, ಒಂದು ಮಳೆಗಾಲದ ಥಂಡಿಯಲ್ಲಿ ಕೂತು ಕಾಗದಕ್ಕೆ ಇಳಿದ ತುಕ್ಕು. ಪಿನ್ನನ್ನು ಅದರ ಮೇಲಿಟ್ಟೆ. ಕೂತಿತು. ಈಗ ಓದಬೇಕು, ಡಾಕ್ಟರು ತಿರುಗಿ ನೋಡಿ, ಕೇಳ್ತಾ ಇದ್ದೀಯಾ ಭಾಗೀ, ಡಾಕ್ಟರು ತಿರುಗಿ, ಮುಂದಿನ ಸಾಲಿಗೆ ಕಣ್ಣು ಇಳಿಯುತ್ತಿಲ್ಲ, ಪಿನ್ನು ಎತ್ತಿದರೂ ಅದು ಅಲ್ಲೇ ಇದೆ, ತುಕ್ಕು, ಒಂದು ಕಾಲು ನೆಟ್ಟಗೆ, ಒಂದು ಕಾಲು ಡೊಂಕು, ಒಂದು ಕಾಲು ನೆಟ್ಟಗೆ, ಒಂದು ಕಾಲು