ಹೂಂ ನಿಂತ ಸಾಲು

ಕಥೆ ಹೇಳಲು ನನ್ನ ಸೋದರತ್ತೆಯದು ಒಂದೇ ಷರತ್ತು: ಕೇಳುವವನು ಹೂಂಗುಡುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ನಿಂತದ್ದನ್ನು ಮರುದಿನ ಮುಂದುವರಿಸುವವಳೂ ಅಲ್ಲ, ಮತ್ತೆ ಮೊದಲಿನಿಂದಲೇ ಶುರು. ಹಾಗಾಗಿ ನಮ್ಮ ದ್ವೀಪದ ಉಪ್ಪು ಕಾಯಿಸುವ ಹುಡುಗಿಯ ಕಥೆಯನ್ನು ನೂರು ಸಲ ಕೇಳಿದ್ದೇನೆ, ಅದರ ಕೊನೆಯನ್ನು ಒಮ್ಮೆಯೂ ಕೇಳಿಲ್ಲ. ಹಡಗು ಒಡೆದು ತೇಲಿಬಂದ ಪರದೇಶಿಗೆ ಅವಳು ದೋಣಿ ಕಟ್ಟಿಕೊಡುತ್ತಾಳೆ. ನಿನ್ನನ್ನೂ ಕರೆದೊಯ್ಯುತ್ತೇನೆ ಎಂದವನು ಅವಳು ಏಳುವ ಮೊದಲೇ ಕಾಲ್ಕೀಳುತ್ತಾನೆ. ಅವಳು ದಡಕ್ಕೆ ಓಡಿಬರುವಷ್ಟರಲ್ಲಿ ನನಗೆ ಜೊಂಪು ಹತ್ತಿರುತ್ತಿತ್ತು.

ದೊಡ್ಡವನಾಗಿ ಅದನ್ನೇ ನಾಟಕ ಮಾಡಲು ಕೂತಾಗ ಅತ್ತೆಗೊಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಹುಡುಗಿಯನ್ನು ಸಮುದ್ರಕ್ಕಿಳಿಸಿ ಮುಳುಗಿಸಿಬಿಟ್ಟೆ. ನೀಲಿ ಬಟ್ಟೆಯ ಅಲೆ, ಹಿಂದೊಂದು ಕೊಳಲು, ಕತ್ತಲೆ. ಜನ ಗೊಳೋ ಎಂದು ಅತ್ತರು. ಅಷ್ಟು ಸಾಲದೆಂದು ಕರಪತ್ರದಲ್ಲಿ ‘ನನ್ನನ್ನು ಸಾಕಿದ ಅತ್ತೆ ಹೇಳಿದ ಪುರಾತನ ಕಥೆ, ಒಂದಕ್ಷರವೂ ಬದಲಿಸಿಲ್ಲ’ ಎಂದು ಬೇರೆ ಹಾಕಿಸಿದೆ. ಅತ್ತೆಗೆ ಓದಲು ಬರುವುದಿಲ್ಲ ಎಂಬ ಧೈರ್ಯ. ಬರೆಯಲೂ ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಅದೇ.

ಇಪ್ಪತ್ತೈದನೆಯ ಪ್ರದರ್ಶನಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಅತ್ತೆ ದೋಣಿ ಹತ್ತಿ ಬಂದೇಬಿಟ್ಟಳು. ಮೊದಲ ಸಾಲಿನಲ್ಲಿ ಕೂರಿಸಿದೆ. ಪರದೆ ಬಿತ್ತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಒಬ್ಬೊಬ್ಬರಾಗಿ ಹೊರಟೂ ಹೋದರು. ಅತ್ತೆ ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ.

“ಏಳತ್ತೆ, ಮುಗೀತು.”

“ಎಲ್ಲಿ ಮುಗೀತು? ಅವಳಿನ್ನೂ ನೀರಲ್ಲೇ ಇದಾಳಲ್ಲೋ.”

“ಸತ್ತೋದ್ಲು ಅತ್ತೆ.”

“ಯಾರಪ್ಪ ಹೇಳಿದ್ದು ನಿಂಗೆ? ಮೊಣಕಾಲುದ್ದ ನೀರಿಗಿಳಿದ್ಲು. ಒಲೆ ಮೇಲೆ ಉಪ್ಪುನೀರು ಬಿಟ್ಟು ಬಂದಿದೀನಿ, ಸೀದು ಹೋಗತ್ತೆ ಅಂತ ವಾಪಸ್ ಹೋದ್ಲು. ಹೊಟ್ಟೇಲಿದ್ದ ಮಗೂನ ಹೆತ್ತು ಸಾಕಿದ್ಲು. ದ್ವೀಪದೋರೆಲ್ಲ ಅವಳ ಸಂತಾನನೇ. ಅವಳು ಸತ್ತಿದ್ರೆ ನೀನೆಲ್ಲಿಂದ ಬರ್ತಿದ್ದೆ?”

ಅತ್ತೆಯ ಗಂಡನೂ ಒಂದು ಬೆಳಿಗ್ಗೆ ದೋಣಿ ಹತ್ತಿ ಹೋದವನು ತಿರುಗಿ ಬಂದಿಲ್ಲ. ಅವನು ಹೋದ ದಿನ ಮಧ್ಯಾಹ್ನವೂ ಅವಳು ನನಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸಿದ್ದಳು. ಇಷ್ಟು ವರ್ಷದಲ್ಲಿ ಅದು ನನಗೆ ಹೊಳೆದದ್ದು ಈಗ, ಖಾಲಿ ಕುರ್ಚಿಗಳ ನಡುವೆ ನಿಂತಾಗ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅಷ್ಟರಲ್ಲಿ ಪತ್ರಿಕೆಯವಳೊಬ್ಬಳು ಕರಪತ್ರ ಹಿಡಿದು ಬಂದಳು. “ಅಮ್ಮಾ, ಇದು ನೀವು ಹೇಳಿದ ಕಥೆಯಂತೆ. ಕೊನೆಯೂ ಹೀಗೇನಾ?”

ಇಲ್ಲ, ಅದು ನನ್ನ ಕೈಚಳಕ ಎಂದು ನಾನು ಹೇಳಬೇಕಿತ್ತು. ಎರಡು ಮಾತು, ಅಷ್ಟೇ. ಬಾಯಲ್ಲಿ ಕಡುಬು ತುರುಕಿದವನಂತೆ ನಿಂತೆ. ಅತ್ತೆ ಕರಪತ್ರ ನೋಡಿದಳು, ನನ್ನ ಮುಖ ನೋಡಿದಳು.

“ಹೂಂ,” ಎಂದಳು.

ಮರುದಿನ ಬೆಳಿಗ್ಗೆ ನನ್ನ ಕೋಣೆಯಲ್ಲಿ ಅತ್ತೆ ಚೀಲ ಕಟ್ಟಿಕೊಂಡು ಕೂತಿದ್ದಳು. ಪತ್ರಿಕೆ ಬಂತು.

“ಅದೇನು ಬರೆದಿದಾರೋ ಓದು, ದೋಣಿಗಿನ್ನೂ ಹೊತ್ತಿದೆ.”

ಓದಿದೆ. ನಾಟಕದ ಹೊಗಳಿಕೆ, ಅತ್ತೆ ಹೂಂ ಎಂದಳು. ನನ್ನ ಹೊಗಳಿಕೆ, ಅದಕ್ಕೂ ಹೂಂ. ಸಾಲು ಸಾಲಿಗೂ, ಒಮ್ಮೆಯೂ ತಪ್ಪದೆ. ಕೊನೆಯ ಪ್ಯಾರಾಕ್ಕೆ ಬಂದೆ. ನುಂಗಿಬಿಡಬಹುದಿತ್ತು, ಆದರೆ ಮತ್ತೊಮ್ಮೆ ಕಥೆ ತಿರುಚಲು ಧೈರ್ಯವಾಗಲಿಲ್ಲ. “ಗಂಡು ಬಿಟ್ಟುಹೋದ ಹೆಣ್ಣಿಗೆ ಕಡಲೇ ಗತಿ ಎಂಬುದು ಈ ಕಥೆ ಹೇಳಿದ ಅತ್ತೆಯ ಮಾತು.”

ಹೂಂ ಬರಲಿಲ್ಲ.

“ನಿದ್ದೆ ಬಂತಾ ಅತ್ತೆ?” ಎಂದು ತಲೆಯೆತ್ತಿದೆ. ಅವಳು ಎಚ್ಚರವಾಗಿಯೇ ಇದ್ದಳು.