ಮಾವನ ಹೊಲದಲ್ಲಿ ನೀರು ಕೇಳದ ಅಳಿಯ

ನನ್ನ ಹೆಸರು ಮಾಜು. ಮರುಭೂಮಿಯ ಅಂಚಿನ ಮರಾದಿ ಕಡೆಯ ಹಳ್ಳಿಗಳಲ್ಲಿ ಹೊಲದ ಕೆಲಸ ನಡೆಯುವಾಗ ಡೋಲು ಬಾರಿಸುವುದು ನನ್ನ ಕಸುಬು. ಬೆನ್ನು ನೆಟ್ಟಗೆ ಮಾಡಿ ನಿಂತವನನ್ನು ಹೆಸರು ಹಿಡಿದು ಹಂಗಿಸುತ್ತೇನೆ, ನಿಲ್ಲದೆ ದುಡಿದವನನ್ನು ಹೊಗಳುತ್ತೇನೆ. ಈ ನನ್ನ ಬಾಯಿಂದಾಗಿ ಕಳೆದ ವರ್ಷ ಒಬ್ಬನ ಜೀವವೇ ಹೋಗುವುದರಲ್ಲಿತ್ತು. ಮುಚ್ಚಿಡದೆ ಹೇಳುತ್ತೇನೆ, ಕೇಳಿ.

ಮದುವೆ ಗೊತ್ತಾದ ಗಂಡು ಗೆಳೆಯರನ್ನು ಕಟ್ಟಿಕೊಂಡು ಹೋಗಿ ಮಾವನ ಹೊಲದಲ್ಲಿ ಒಂದು ದಿನ ದುಡಿದುಕೊಡುವುದು ನಮ್ಮ ಪದ್ಧತಿ. ಹಾಗೆ ಲವಾಲಿ ಎಂಬ ಹುಡುಗ ತನ್ನ ಮಾವನಾಗಲಿದ್ದ ಹಲಿರು ಅವರ ಸಜ್ಜೆ ಹೊಲಕ್ಕೆ ಕಳೆ ತೆಗೆಯಲು ಬಂದಿದ್ದ. ಹಿಂದಿನ ದಿನದ ಮಳೆಗೆ ನೆಲದಿಂದ ಹಬೆ ಏಳುತ್ತಿತ್ತು. ಗೆಳೆಯರೆಲ್ಲ ಆಗಾಗ ನೀರಿನ ಮಡಕೆಯ ಹತ್ತಿರ ಹೋಗಿ ಬಂದರು. ಲವಾಲಿ ಮಾತ್ರ ಹೋಗಲಿಲ್ಲ. ಅಳಿಯನಾಗುವವನು ಹೆಣ್ಣು ಕೊಡುವವರ ಎದುರು ತಿನ್ನುವುದು, ಕುಡಿಯುವುದು ನಮ್ಮಲ್ಲಿ ನಾಚಿಕೆಗೇಡು. ಮಾವನೋ ಬದುವಿನ ಮೇಲೇ ಚಾಪೆ ಹಾಕಿಕೊಂಡು ಕೂತಿದ್ದರು.

ಸೂರ್ಯ ನೆತ್ತಿಗೆ ಬಂದ. ಲವಾಲಿಯ ಬೆನ್ನು ಒಣಗಿತ್ತು. ನಾನು ಡೋಲು ಜೋರು ಮಾಡಿದೆ.

"ನೋಡ್ರಪ್ಪಾ! ಎಲ್ರೂ ತೊಯ್ದು ತೊಪ್ಪೆ ಆಗಿದೀರಿ. ಅಳಿಯಂಗೆ ಒಂದ್ ಹನಿ ಬೆವರಿಲ್ಲ! ಸಿಂಹದ ಮರಿ ಇವನು!"

ಹಲಿರು ಅವರ ತಂಗಿ ಸರಾತು ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಊಟ ಹೊತ್ತು ತಂದವಳು ಬುಟ್ಟಿಯನ್ನು ಅಲ್ಲೇ ಇಳಿಸಿ ಓಡಿಬಂದಳು.

"ನಿಲ್ಸೋ ನಿನ್ನ ಡೋಲು!"

"ಯಾಕಕ್ಕಾ? ಇನ್ನೂ ಅರ್ಧ ಹೊಲ ಇದೆ."

"ಈ ಬಿಸಿಲಲ್ಲಿ ಬೆವರು ನಿಂತ್ರೆ ಅದು ಶಕ್ತಿ ಅಲ್ವೋ, ಮೈ ಸೋತಿರೋದು. ಲವಾಲಿ, ನೆರಳಿಗೆ ಬಾರಪ್ಪಾ."

"ಬೇಡ... ನಾನು ಚೆನ್ನಾಗೇ..." ಲವಾಲಿಯ ನಾಲಿಗೆ ತಡವರಿಸಿತು. ಕಳೆ ಬಿಟ್ಟು ಸಜ್ಜೆ ಪೈರನ್ನೇ ಕೊಚ್ಚಿದ. ನಾವು ನಕ್ಕೆವು. ಅದನ್ನು ಹೇಳಲು ಈಗಲೂ ನನಗೆ ನಾಚಿಕೆ. ನಗು ಮುಗಿಯುವ ಮೊದಲೇ ಅವನು ಮುಗ್ಗರಿಸಿ ಬಿದ್ದ. ಮೈ ಮುಟ್ಟಿದರೆ ಕಾದ ಹೆಂಚು.

"ಬೇವಿನ ಮರದಡಿಗೆ ಎತ್ಕೊಂಡ್ ನಡೀರಿ! ಅಂಗಿ ಬಿಚ್ಚಿ! ಮಡಕೆ ನೀರು ಮೈಮೇಲೆ ಸುರೀರಿ, ಗಾಳಿ ಬೀಸಿ!" ಸರಾತು ಕೂಗಿದಳು.

ನಾನು ಅವನ ಬಾಯಿಗೆ ನೀರು ಹಿಡಿದೆ. ಸರಾತು ನನ್ನ ಕೈಗೆ ಒಂದು ಬಿಟ್ಟಳು.

"ಎಚ್ಚರ ಇಲ್ದೋರಿಗೆ ಕುಡಿಸ್ಬಾರ್ದು, ಉಸಿರು ಕಟ್ಟುತ್ತೆ. ಹೋಗಿ ಗಾಡಿ ಹೂಡು!"

ದಾರಿಯುದ್ದಕ್ಕೂ ಮೈಮೇಲೆ ನೀರು ಹಾಕುತ್ತಲೇ ಕತ್ತೆಗಾಡಿಯಲ್ಲಿ ಆರೋಗ್ಯ ಕೇಂದ್ರ ಮುಟ್ಟಿಸಿದೆವು. ಲವಾಲಿ ನಮ್ಮ ಗುರುತು ಹಿಡಿದದ್ದು ಮೂರನೆಯ ದಿನ.

ಆದರೂ ಹಲಿರು ಗೊಣಗಿದರು. "ನಾವೂ ಮಾವನ ಹೊಲದಲ್ಲಿ ದುಡಿದೋರೇ. ನಮ್ಮ ಕಾಲದಲ್ಲಿ ಯಾರು ಬಿದ್ರು?"

"ನಿನ್ ಮಾವನ ಹೊಲಕ್ಕೆ ನಿನ್ ಜೊತೆ ಬಂದಿದ್ದ ಇಸೂಫು ಎಲ್ಲಿ ಅಣ್ಣಾ?" ಎಂದಳು ಸರಾತು. "ಬದುವಿನ ಮೇಲೆ ಏನೇನೋ ಬಡಬಡಿಸಿ ಬಿದ್ದು ಸತ್ತ. ಗಾಳಿ ಸೋಕಿತು ಅಂತ ಹೂತ್ಬಿಟ್ರಿ. ಅದು ಗಾಳಿ ಅಲ್ಲ, ಬಿಸಿಲು."

ಹಲಿರು ತಲೆಯ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಇಸೂಫು ಅವರ ಜೀವದ ಗೆಳೆಯ.

"ಹಾಗಾದ್ರೆ ಅಳಿಯ ನಾಚಿಕೆ ಬಿಡ್ಬೇಕಾ?"

"ಬಿಡೋದ್ ಬೇಡ. ನೀನು ಹೊಲ ಬಿಟ್ಟು ಬಾ. ನೀನ್ ಇಲ್ದಿದ್ರೆ ಅವನು ಕುಡೀತಾನೆ."

ಈ ವರ್ಷ ಎರಡನೆಯ ಅಳಿಯನ ಸರದಿ ಬಂತು. ಬೆಳಕು ಹರಿಯುವಾಗಲೇ ಕೆಲಸ ಶುರು. ಹಲಿರು ತಾವೇ ನಾಲ್ಕು ಮಡಕೆ ನೀರು ತಂದು ನೆರಳಲ್ಲಿಟ್ಟರು. "ಬಿಸಿಲು ಏರೋಕ್ ಮುಂಚೆ ನಿಲ್ಸಿ. ಮಿಕ್ಕಿದ್ದು ಸಂಜೆಗೆ, ಇಲ್ಲಾಂದ್ರೆ ನಾಳೆಗೆ" ಎಂದು ಚಾಪೆ ಸುತ್ತಿಕೊಂಡು ಮನೆಗೆ ಹೊರಟೇಬಿಟ್ಟರು. ನಾನು ಸ್ವಲ್ಪ ಸ್ವಲ್ಪ ಹೊತ್ತಿಗೆ ಡೋಲು ನಿಲ್ಲಿಸಿ ಎಲ್ಲರನ್ನೂ ಮಡಕೆಯ ಹತ್ತಿರ ಅಟ್ಟಿದೆ. ಬಾರದವನನ್ನು ಹಂಗಿಸಿದೆ: "ಏಯ್, ಇಷ್ಟು ದಪ್ಪ ಮೀಸೆ ಇಟ್ಕೊಂಡು ಒಂದ್ ಬಟ್ಟಲು ನೀರಿಗೆ ಹೆದರ್ತೀಯಾ?"

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಹೊಲಕ್ಕೆ ಬಂದವರು ನೀರು ಕೇಳಲಿ ಎಂದು ಕಾಯಬೇಡಿ. ಕೂಲಿ ತಪ್ಪೀತೆಂದು ಕೇಳದವರಿದ್ದಾರೆ, ಹೊಸಬರೆಂದು ಹಿಂಜರಿಯುವವರಿದ್ದಾರೆ. ಬಾಯಾರುವ ಮೊದಲೇ ಕೊಡಿ. ಟೋಪಿಯನ್ನೋ ವಸ್ತ್ರವನ್ನೋ ತಲೆಗೆ ಹಾಕಿಸಿ, ನೆರಳಲ್ಲಿ ಕೂರಿಸಿ. ತಲೆನೋವು, ವಾಂತಿ ಎಂದವನ ಕೆಲಸ ಆಗಲೇ ನಿಲ್ಲಿಸಿ. ಬೆವರು ಇರಲಿ, ಬಿಡಲಿ, ಮಾತು ತಡವರಿಸಿದರೆ ಮೈಗೆ ನೀರು ಸುರಿಯುತ್ತಾ ಆಸ್ಪತ್ರೆಗೆ ಓಡಿ. ಕಳೆ ನಾಳೆಯೂ ಅಲ್ಲೇ ಇರುತ್ತದೆ. ಅದನ್ನು ಕೀಳುವವರನ್ನು ಇವತ್ತು ಉಳಿಸಿಕೊಳ್ಳಿ.